ಬೋರ್ಡು ಬಿಡಿ, ಫರ್ನೇಸ್ ನೋಡಿ: ಮುಂಬೈ, ಪುಣೆ, ಗೋವಾದಲ್ಲಿ ಸೆರಾಮಿಕ್ಸ್ ಪಿಎಚ್‌.ಡಿ. ಮಾಡುವವರಿಗೆ

ಸೆರಾಮಿಕ್ ಎಂಜಿನಿಯರಿಂಗ್‌ನಲ್ಲಿ ಪಿಎಚ್‌.ಡಿ. ಮಾಡಬೇಕು, ಅದೂ ಮುಂಬೈ ಕಡೆಯೇ ಆಗಬೇಕು ಅಂತ ಹೊರಟವರಿಗೆ ಮೊದಲ ದಿನವೇ ಒಂದು ನಿರಾಸೆ ಕಾದಿರುತ್ತದೆ. ಪೊವೈನ ಐಐಟಿಯಲ್ಲಿ ಹುಡುಕಿ, ಪುಣೆಯಲ್ಲಿ ಹುಡುಕಿ, ಗೋವಾದಲ್ಲಿ ಹುಡುಕಿ. ದೊಡ್ಡ ಸಂಸ್ಥೆಗಳಲ್ಲಿ ಆ ಹೆಸರಿನ ವಿಭಾಗ ಕಾಣುವುದಿಲ್ಲ. ಆ ಬೋರ್ಡೇ ಬೇಕೆಂದರೆ ವಾರಾಣಸಿಯ ಐಐಟಿ ಬಿಎಚ್‌ಯುಗೆ ಹೋಗಬೇಕು, ಇಲ್ಲವೇ ರೂರ್ಕೆಲಾದ ಎನ್‌ಐಟಿಗೆ. ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಸೆರಾಮಿಕ್ಸ್ ಮತ್ತು ಸಿಮೆಂಟ್ ಟೆಕ್ನಾಲಜಿ ಓದಿ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ದಾದರಿನಲ್ಲಿ ಇಳಿಯುವ ಹುಡುಗರು ಕೇಳುವುದೂ ಇದನ್ನೇ: "ಸರ್, ಇಲ್ಲಿ ನಮ್ಮ ಬ್ರಾಂಚೇ ಇಲ್ಲವಲ್ಲ?"

ಬ್ರಾಂಚ್ ಇಲ್ಲ, ನಿಜ. ಕೆಲಸ ಮಾತ್ರ ಬೇಕಾದಷ್ಟಿದೆ. ಅದು ಮೆಟಲರ್ಜಿ ವಿಭಾಗದಲ್ಲಿ, ಕೆಮಿಸ್ಟ್ರಿಯಲ್ಲಿ, ಫಿಸಿಕ್ಸ್‌ನಲ್ಲಿ, ಅಣುಶಕ್ತಿ ಕೇಂದ್ರದಲ್ಲಿ, ಎಲೆಕ್ಟ್ರಾನಿಕ್ಸ್ ಇಲಾಖೆಯ ಲ್ಯಾಬಿನಲ್ಲಿ ಹಂಚಿಹೋಗಿದೆ. ಹಾಗಾಗಿ ಇಲ್ಲಿ ವಿಭಾಗದ ಹೆಸರು ಹಿಡಿದು ಹುಡುಕಬೇಡಿ. ಯಾರ ಹತ್ತಿರ ಎಂಥ ಫರ್ನೇಸ್ ಇದೆ, ಅದರಲ್ಲಿ ಏನು ಸುಡುತ್ತಿದ್ದಾರೆ ಅಂತ ಹುಡುಕಿ. ಮುಂದಿನದ್ದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಹಂತ 1: ಏನು ಸುಡಬೇಕು ಅಂತ ನಿರ್ಧರಿಸಿ

ಸೆರಾಮಿಕ್ಸ್ ಅಂದ ಕೂಡಲೇ ಮನೆಯವರಿಗೆ ನೆನಪಾಗುವುದು ಬಾತ್‌ರೂಮ್ ಟೈಲ್ಸ್. "ಅದಕ್ಕೂ ಡಾಕ್ಟರೇಟ್ ಬೇಕಾ?" ಅಂತ ಮಾಟುಂಗಾದ ದೇವಸ್ಥಾನದಲ್ಲಿ ಸಿಕ್ಕ ದೊಡ್ಡಮ್ಮ ಕೇಳುತ್ತಾರೆ. ಕೇಳಲಿ ಬಿಡಿ. ನೀವು ಮಾತ್ರ ಕ್ಷೇತ್ರದ ಹರವು ತಿಳಿದುಕೊಂಡಿರಿ.

ಮೊದಲನೆಯದು ಗಟ್ಟಿತನಕ್ಕೆ ಬಳಸುವ ಸೆರಾಮಿಕ್ಸ್: ಅಲ್ಯುಮಿನಾ, ಜಿರ್ಕೋನಿಯಾ, ಸಿಲಿಕಾನ್ ಕಾರ್ಬೈಡ್, ಬೋರಾನ್ ಕಾರ್ಬೈಡ್. ಗುಂಡು ತಡೆಯುವ ಕವಚದಲ್ಲಿ ಬೋರಾನ್ ಕಾರ್ಬೈಡ್ ಯಾಕೆ ಅಂದರೆ ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ ಅಷ್ಟೇ, ಉಕ್ಕಿನ ಮೂರನೇ ಒಂದು ಪಾಲು. ಎರಡನೆಯದು ವಿದ್ಯುತ್ ಗುಣಕ್ಕೆ ಬಳಸುವಂಥದ್ದು: ಕೆಪಾಸಿಟರಿನ ಬೇರಿಯಂ ಟೈಟನೇಟ್, ಒತ್ತಿದರೆ ವೋಲ್ಟೇಜ್ ಕೊಡುವ ಪೀಜೋ ಸೆರಾಮಿಕ್ಸ್, ಎಲೆಕ್ಟ್ರಾನಿಕ್ ಪ್ಯಾಕೇಜಿಂಗ್‌ನ ತೆಳು ಹಾಳೆಗಳು. ಮೂರನೆಯದು ಅಣುಶಕ್ತಿ: ಯುರೇನಿಯಂ ಡೈಆಕ್ಸೈಡ್ ಪೆಲೆಟ್ (ಪುಡಿ ಒತ್ತಿ ಮಾಡಿದ ಬಿಲ್ಲೆ), ವಿಕಿರಣ ತ್ಯಾಜ್ಯವನ್ನು ಹಿಡಿದಿಡುವ ಗಾಜು. ಇನ್ನು ಮೂಳೆ ಮತ್ತು ಹಲ್ಲಿಗೆ ಬೇಕಾದ ಬಯೋಸೆರಾಮಿಕ್ಸ್, ಬ್ಯಾಟರಿಯ ಘನ ಎಲೆಕ್ಟ್ರೋಲೈಟ್, ಉಕ್ಕಿನ ಕಾರ್ಖಾನೆಯ ಕುಲುಮೆಗೆ ಹಚ್ಚುವ ರಿಫ್ರ್ಯಾಕ್ಟರಿ ಇಟ್ಟಿಗೆ.

ಎಲ್ಲವೂ ಚೆನ್ನಾಗಿಯೇ ಇವೆ. ಆದರೆ ಪ್ರತಿಯೊಂದಕ್ಕೂ ಬೇಕಾಗುವ ಯಂತ್ರ ಬೇರೆ. ಬೇರಿಯಂ ಟೈಟನೇಟ್ 1300 ಡಿಗ್ರಿ ಆಸುಪಾಸಿನಲ್ಲಿ ಗಾಳಿಯಲ್ಲೇ ಸಿಂಟರ್ ಆಗುತ್ತದೆ (ಅಂದರೆ ಒತ್ತಿದ ಪುಡಿ ಬಿಸಿಗೆ ಕೂಡಿ ಗಟ್ಟಿಯಾಗುತ್ತದೆ), ಸಾಧಾರಣ ಲ್ಯಾಬಿನಲ್ಲೂ ನಡೆಯುತ್ತದೆ. ಒತ್ತಡವಿಲ್ಲದೆ ಸಿಲಿಕಾನ್ ಕಾರ್ಬೈಡ್ ಸಿಂಟರ್ ಮಾಡಬೇಕೆಂದರೆ 2000 ಡಿಗ್ರಿ ದಾಟಬೇಕು, ಆರ್ಗಾನ್ ಬೇಕು, ಗ್ರಾಫೈಟ್ ಫರ್ನೇಸ್ ಬೇಕು. ಆ ಫರ್ನೇಸ್ ಇಲ್ಲದ ಕಡೆ ಆ ವಿಷಯ ಹಿಡಿದರೆ ಮೂರು ವರ್ಷ ಬರೀ ಪತ್ರ ಬರೆಯುವುದರಲ್ಲಿ ಕಳೆಯುತ್ತದೆ. ಅದಕ್ಕೇ ಊರು, ಸಂಸ್ಥೆ ಎಲ್ಲ ಆಮೇಲೆ.

ಹಂತ 2: ಯಾವ ಕೆಲಸ ಎಲ್ಲಿ ನಡೆಯುತ್ತದೆ

ಪೊವೈನ ಐಐಟಿ ಬಾಂಬೆಯಲ್ಲಿ ಮೆಟಲರ್ಜಿಕಲ್ ಎಂಜಿನಿಯರಿಂಗ್ ಅಂಡ್ ಮೆಟೀರಿಯಲ್ಸ್ ಸೈನ್ಸ್ ವಿಭಾಗ ಇದೆ. ಸೆರಾಮಿಕ್ಸ್ ಕೆಲಸಕ್ಕೆ ನೋಡಬೇಕಾದ ಮೊದಲ ಬಾಗಿಲು ಇದು. ಕಾಂಜೂರ್‌ಮಾರ್ಗ್ ಸ್ಟೇಷನ್ನಿನಿಂದ ಆಟೋದ ದಾರಿ. ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಜನವರಿ ಸೆಮಿಸ್ಟರಿಗೆ, ಸೇರಿಸಿಕೊಳ್ಳುತ್ತಾರೆ. ಕೆಮಿಸ್ಟ್ರಿ, ಫಿಸಿಕ್ಸ್, ಎನರ್ಜಿ ವಿಭಾಗಗಳನ್ನೂ ಬಿಡಬೇಡಿ. ಆಕ್ಸೈಡ್ ಮೇಲೆ ಕೆಲಸ ಮಾಡುವವರು ಅಲ್ಲೂ ಸಿಗುತ್ತಾರೆ.

ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ (ಬಿಎಆರ್‌ಸಿ) ಗಾಜು ಮತ್ತು ಅಡ್ವಾನ್ಸ್‌ಡ್ ಮೆಟೀರಿಯಲ್ಸ್ ಮೇಲೆ ದಶಕಗಳ ಅನುಭವ ಇದೆ. ಪದವಿ ಕೊಡುವುದು ಅಣುಶಕ್ತಿನಗರದ ಹೋಮಿ ಭಾಭಾ ನ್ಯಾಷನಲ್ ಇನ್‌ಸ್ಟಿಟ್ಯೂಟ್, 2005ರಿಂದ ಡೀಮ್ಡ್ ವಿಶ್ವವಿದ್ಯಾಲಯ. ಯುರೇನಿಯಂ ಡೈಆಕ್ಸೈಡ್ ಪೆಲೆಟ್ಟನ್ನು ಹೈಡ್ರೋಜನ್‌ನಲ್ಲಿ ಸುಮಾರು 1700 ಡಿಗ್ರಿಗೆ ಸಿಂಟರ್ ಮಾಡುವುದು, ತ್ಯಾಜ್ಯವನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಕರಗಿಸಿ ಗಟ್ಟಿ ಮಾಡುವುದು: ಈ ಥರದ ಕೆಲಸ ದೇಶದಲ್ಲಿ ಬೇರೆ ಹೆಚ್ಚು ಕಡೆ ಸಿಗುವುದಿಲ್ಲ. ಒಂದು ಮಾತು ನೆನಪಿರಲಿ. ಇಲ್ಲಿ ಸೇರುವ ಮುನ್ನ ಪೊಲೀಸ್ ಪರಿಶೀಲನೆ ಆಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಊರಿನ ಠಾಣೆ, ಮುಂಬೈ ಠಾಣೆ ಎರಡರಲ್ಲೂ ನಿಮ್ಮ ವಿಳಾಸದ ದಾಖಲೆ ಸರಿಯಾಗಿರಲಿ.

ಪುಣೆಯನ್ನು ನಾನು ಸೆರಾಮಿಕ್ಸ್‌ಗೆ ಮುಂಬೈಗಿಂತ ಒಂದು ಕೈ ಮೇಲೆ ಅನ್ನುತ್ತೇನೆ. ಯಾಕೆಂದರೆ ಪಾಷಾಣ್ ರಸ್ತೆ ಒಂದರಲ್ಲೇ ಒಂದು ಮಧ್ಯಾಹ್ನ ಮೂರು ಬಾಗಿಲು ತಟ್ಟಬಹುದು. ಸಿ-ಮೆಟ್ ಅಂತ ಕರೆಯುವ ಎಲೆಕ್ಟ್ರಾನಿಕ್ಸ್ ಮೆಟೀರಿಯಲ್ಸ್ ಕೇಂದ್ರ ಅಲ್ಲೇ ಇದೆ. ಕಡಿಮೆ ಉಷ್ಣದಲ್ಲಿ, ಅಂದರೆ 850ರಿಂದ 900 ಡಿಗ್ರಿಯಲ್ಲಿ, ಬೆಳ್ಳಿಯ ಗೆರೆಗಳ ಜೊತೆಗೇ ಸುಡುವ ಎಲ್‌ಟಿಸಿಸಿ ಹಾಳೆಗಳ ಕೆಲಸ ಅವರದು. ಬೆಳ್ಳಿ 962 ಡಿಗ್ರಿಗೆ ಕರಗುತ್ತದಲ್ವಾ, ಅದಕ್ಕೇ ಆ ಮಿತಿ. ಹತ್ತಿರದಲ್ಲೇ ನ್ಯಾಷನಲ್ ಕೆಮಿಕಲ್ ಲ್ಯಾಬೊರೇಟರಿ. ಅಲ್ಲಿ ಪದವಿ ಆಕ್‌ಸಿರ್ ಅನ್ನುವ ಅಕಾಡೆಮಿಯ ಮೂಲಕ. ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಐಸರ್ ಕೂಡ ಆ ಕಡೆಯೇ. ಗಿರಿನಗರದಲ್ಲಿ ರಕ್ಷಣಾ ಇಲಾಖೆಯ ಡೀಮ್ಡ್ ವಿಶ್ವವಿದ್ಯಾಲಯ ಡಯಾಟ್ ಇದೆ, ಅಲ್ಲಿ ಮೆಟಲರ್ಜಿ ಮತ್ತು ಮೆಟೀರಿಯಲ್ಸ್ ವಿಭಾಗ ಇದೆ. ಕವಚ, ಅತಿ ಉಷ್ಣದ ಸೆರಾಮಿಕ್ಸ್ ಥರದ ವಿಷಯ ಇಷ್ಟವಿದ್ದವರು ಅಲ್ಲಿ ವಿಚಾರಿಸಿ. ಶಿವಾಜಿನಗರದ ಸಿಒಇಪಿ ತಾಂತ್ರಿಕ ವಿಶ್ವವಿದ್ಯಾಲಯ, ಗಣೇಶ್‌ಖಿಂಡ್‌ನ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಫಿಸಿಕ್ಸ್, ಕೆಮಿಸ್ಟ್ರಿ ವಿಭಾಗಗಳು ಆಮೇಲೆ.

ಗೋವಾದಲ್ಲಿ ಆಯ್ಕೆ ಕಡಿಮೆ. ತಾಳೆಗಾಂವ್ ಗುಡ್ಡದ ಗೋವಾ ವಿಶ್ವವಿದ್ಯಾಲಯದಲ್ಲಿ ಆಕ್ಸೈಡ್, ಫೆರೈಟ್ ಕೆಲಸ, ಝುವಾರಿನಗರದ ಬಿಟ್ಸ್ ಕ್ಯಾಂಪಸ್, ಫರ್ಮಾಗುಡಿಯ ಐಐಟಿ. ಇವುಗಳಲ್ಲಿ ಸೆರಾಮಿಕ್ಸ್ ಅನ್ನುವುದು ಯಾರೋ ಒಬ್ಬಿಬ್ಬರ ಲ್ಯಾಬಿನ ವಿಷಯ. ಹಾಗಾಗಿ ಇಲ್ಲಿ ಸಂಸ್ಥೆಯನ್ನಲ್ಲ, ವ್ಯಕ್ತಿಯನ್ನು ನೋಡಿ ಹೋಗಬೇಕು. ವಾಸ್ಕೋದಲ್ಲೇ ಹುಟ್ಟಿ ಬೆಳೆದ ಕನ್ನಡ ಮಕ್ಕಳಿಗೆ ಮನೆಯಿಂದಲೇ ಓಡಾಡುವ ಅನುಕೂಲ ಇದೆ. ಅದು ಸಣ್ಣ ವಿಷಯವಲ್ಲ.

ಸಂಶೋಧನಾ ಕೇಂದ್ರ ಬೇರೆ, ಪದವಿ ಕೊಡುವ ವಿಶ್ವವಿದ್ಯಾಲಯ ಬೇರೆ ಆಗಿರುವ ಕಡೆ, ನೋಂದಣಿ ಎಲ್ಲಿ, ಶುಲ್ಕ ಯಾರಿಗೆ, ಥೀಸಿಸ್ ಯಾರ ನಿಯಮದಲ್ಲಿ ಅಂತ ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ.

ಹಂತ 3: ಪರೀಕ್ಷೆ

ಎಂಜಿನಿಯರಿಂಗ್ ಓದಿದವರು ಬರೆಯುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಯಲ್ಲಿ ಸೆರಾಮಿಕ್ಸ್‌ಗೆ ಅಂತ ಪ್ರತ್ಯೇಕ ಪೇಪರ್ ಇಲ್ಲ. ಸೆರಾಮಿಕ್ಸ್ ಓದಿದವರು ಎಂಜಿನಿಯರಿಂಗ್ ಸೈನ್ಸಸ್ ಪೇಪರ್ ತೆಗೆದುಕೊಂಡು, ಅದರಲ್ಲಿ ಮೆಟೀರಿಯಲ್ಸ್ ಸೈನ್ಸ್ ಭಾಗ ಆರಿಸಿಕೊಳ್ಳುವುದು ರೂಢಿ. ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್ ಕಡ್ಡಾಯ, ಉಳಿದವುಗಳಲ್ಲಿ ಎರಡು ನಿಮ್ಮ ಆಯ್ಕೆ. ಮೆಟಲರ್ಜಿ ಪೇಪರ್ ಬರೆಯುವವರೂ ಇದ್ದಾರೆ, ಆದರೆ ಅದರಲ್ಲಿ ಕಬ್ಬಿಣ ಕರಗಿಸುವ ಭಾಗ ಜಾಸ್ತಿ. ಅದನ್ನು ಓದಿರದವರಿಗೆ ಸುಮ್ನೆ ಹೊರೆ. ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ. ಪರೀಕ್ಷೆ ಫೆಬ್ರುವರಿಯಲ್ಲಿ, ಅರ್ಜಿ ಮಾತ್ರ ಹಿಂದಿನ ಮಳೆಗಾಲ ಮುಗಿಯುವ ಹೊತ್ತಿಗೇ ತುಂಬಬೇಕು.

ಎಂ.ಎಸ್ಸಿ. ಮಾಡಿದವರಿಗೆ ಸಿಎಸ್‌ಐಆರ್ ನೆಟ್ ಪರೀಕ್ಷೆಯ ದಾರಿ. ಕೆಮಿಕಲ್ ಸೈನ್ಸಸ್ ಅಥವಾ ಫಿಸಿಕಲ್ ಸೈನ್ಸಸ್ ಬರೆದು ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ತಂದರೆ ನಿಮ್ಮ ಸಂಬಳ ನಿಮ್ಮ ಜೊತೆಗೇ ಬರುತ್ತದೆ. ಗೈಡ್‌ಗಳಿಗೆ ಅಂಥ ವಿದ್ಯಾರ್ಥಿ ಅಂದರೆ ಪ್ರೀತಿ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಂತ 4: ಗೈಡ್ ಹುಡುಕುವುದು

ಇಲ್ಲಿ ಅವಸರ ಬೇಡ. ಐದಾರು ವರ್ಷ ಈ ಒಬ್ಬರ ಜೊತೆ ಕಳೆಯಬೇಕು.

ಮೊದಲು ಹೆಸರುಗಳ ಪಟ್ಟಿ ಮಾಡಿ. ಆಮೇಲೆ ಅವರ ಪೇಪರ್‌ಗಳಲ್ಲಿ ಪ್ರಯೋಗ ಹೇಗೆ ಮಾಡಿದೆವು ಅಂತ ಬರೆದಿರುವ ಭಾಗ ಓದಿ. ಫಲಿತಾಂಶ ಓದುವುದು ಆಮೇಲೆ. ಪೌಡರ್ ಎಲ್ಲಿಂದ ತಂದರು, ಎಷ್ಟು ಡಿಗ್ರಿಗೆ ಸುಟ್ಟರು, ಯಾವ ಮೈಕ್ರೋಸ್ಕೋಪ್, ಕೊನೆಯಲ್ಲಿ ಯಾವ ಲ್ಯಾಬಿಗೆ ಧನ್ಯವಾದ ಹೇಳಿದ್ದಾರೆ. ಇದರಿಂದ ಅವರ ಹತ್ತಿರ ಏನಿದೆ, ಏನನ್ನು ಹೊರಗಡೆ ಮಾಡಿಸುತ್ತಾರೆ ಅಂತ ಗೊತ್ತಾಗುತ್ತದೆ.

ಎರಡನೆಯದು ಶೋಧಗಂಗಾ ಜಾಲತಾಣ. ದೇಶದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಆ ಗೈಡ್‌ನ ಹಿಂದಿನ ಮೂರು ವಿದ್ಯಾರ್ಥಿಗಳ ಥೀಸಿಸ್ ತೆಗೆದು ಸೇರಿದ ವರ್ಷ, ಮುಗಿಸಿದ ವರ್ಷ ನೋಡಿ. ಮೂವರೂ ಏಳು ವರ್ಷ ತೆಗೆದುಕೊಂಡಿದ್ದರೆ ನಿಮಗೆ ನಾಲ್ಕರಲ್ಲಿ ಮುಗಿಯುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ಸಿಗದಿದ್ದರೆ ಸಂಸ್ಥೆಯ ಲೈಬ್ರರಿಯಲ್ಲಿ ಸಿಗುತ್ತದೆ.

ಮೂರನೆಯದು ವಯಸ್ಸು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದ ಪ್ರಕಾರ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿರುವ ಅಧ್ಯಾಪಕರು ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವ ಹಾಗಿಲ್ಲ. ಪ್ರೊಫೆಸರ್ ಒಮ್ಮೆಗೆ ಎಂಟು ಜನರಿಗೆ, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಜನರಿಗೆ ಮಾತ್ರ ಗೈಡ್ ಆಗಬಹುದು. ಐಐಟಿಗಳಿಗೆ ಅವರದೇ ನಿಯಮ ಇದೆ. ಆದರೂ ಈ ಲೆಕ್ಕ ಹಾಕಿಕೊಂಡೇ ಹೋಗಿ.

ಇಮೇಲ್ ಬರೆಯುವಾಗ ನೇರವಾಗಿ ಬರೆಯಿರಿ. "ರೆಸ್ಪೆಕ್ಟೆಡ್ ಸರ್" ಆದ ಮೇಲೆ ಎರಡು ಪುಟ ಹೊಗಳಿಕೆ ಬೇಡ. ನೀವು ಏನು ಓದಿದ್ದೀರಿ, ಎಂ.ಟೆಕ್. ಅಥವಾ ಎಂ.ಎಸ್ಸಿ.ಯಲ್ಲಿ ಕೈಯಾರೆ ಏನು ಮಾಡಿದ್ದೀರಿ, ಅವರ ಯಾವ ಪೇಪರ್ ಓದಿದಿರಿ, ಅದರಲ್ಲಿ ಯಾವ ಪ್ರಶ್ನೆ ಉಳಿಯಿತು. ಹತ್ತು ಸಾಲು ಸಾಕು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಂದು ನೆನಪೋಲೆ. ಅಷ್ಟೇ. ಫೋನ್ ಮಾಡಿ ಬೆನ್ನು ಹತ್ತಬೇಡಿ.

ಭೇಟಿಗೆ ಕರೆದರೆ ಲ್ಯಾಬ್ ನೋಡಬಹುದಾ ಅಂತ ಕೇಳಿ. ಅಲ್ಲಿ ವಿದ್ಯಾರ್ಥಿಗಳು ಒಬ್ಬರೇ ಸಿಕ್ಕಾಗ ಇಷ್ಟು ವಿಚಾರಿಸಿ. ಇಲ್ಲಿ ದೊಡ್ಡ ಫರ್ನೇಸ್ ಎಷ್ಟು ಡಿಗ್ರಿಯವರೆಗೆ ಹೋಗುತ್ತದೆ? ಎಷ್ಟು ಜನ ಹಂಚಿಕೊಳ್ಳುತ್ತೀರಿ? ಕೊನೆಯ ಸಲ ಕೆಟ್ಟಾಗ ರಿಪೇರಿಗೆ ಎಷ್ಟು ದಿನ ಆಯಿತು? ಈ ಪ್ರಶ್ನೆಗಳು ಯಾಕೆ ಅಂದರೆ ಲೆಕ್ಕ ನೋಡಿ. ಅಲ್ಯುಮಿನಾವನ್ನು 1600 ಡಿಗ್ರಿಗೆ ಒಯ್ಯಬೇಕು. ನಿಮಿಷಕ್ಕೆ 5 ಡಿಗ್ರಿ ಏರಿಸಿದರೆ ಐದು ಗಂಟೆ ಇಪ್ಪತ್ತು ನಿಮಿಷ. ಮಧ್ಯೆ ಬೈಂಡರ್ (ಪುಡಿಯನ್ನು ಹಿಡಿದಿಡುವ ಅಂಟು) ಸುಡಲು ನಿಧಾನ ಮಾಡಬೇಕು, ಮೇಲೆ ಎರಡು ಗಂಟೆ ನಿಲ್ಲಿಸಬೇಕು, ಆಮೇಲೆ ತಣ್ಣಗಾಗಲು ಇಡೀ ರಾತ್ರಿ. ಒಂದು ಸುಡುವಿಕೆಗೆ ಒಂದು ದಿನ ಹೋಯಿತು. ಎಂಟು ಜನರಿಗೆ ಒಂದೇ ಫರ್ನೇಸ್ ಇದ್ದರೆ, ಅದು ಸರಿಯಾಗಿ ಓಡುತ್ತಿದ್ದರೂ, ನಿಮ್ಮ ಸರದಿ ಎಂಟು ದಿನಕ್ಕೆ ಒಂದು ಸಲ ಬರುತ್ತದೆ.

ತಂತಿಯ ಹೀಟರ್ ಇರುವ ಫರ್ನೇಸ್ 1200 ಡಿಗ್ರಿ ಆಸುಪಾಸಿನದ್ದು. ಸಿಲಿಕಾನ್ ಕಾರ್ಬೈಡ್ ಕಡ್ಡಿ ಇದ್ದರೆ 1500ರ ತನಕ. ಮಾಲಿಬ್ಡಿನಮ್ ಡೈಸಿಲಿಸೈಡ್‌ನ ಇಂಗ್ಲಿಷ್ ಯು ಆಕಾರದ ಕಡ್ಡಿಗಳಿದ್ದರೆ 1700. ಕಡ್ಡಿ ನೋಡಿದರೇ ಲ್ಯಾಬಿನ ಯೋಗ್ಯತೆ ಅರ್ಧ ತಿಳಿಯುತ್ತದೆ.

ಹಂತ 5: ಇಂಟರ್‌ವ್ಯೂ

ಕೇಳುವುದು ಬುನಾದಿಯನ್ನೇ. ಫೇಸ್ ಡಯಾಗ್ರಾಂ (ಯಾವ ಉಷ್ಣದಲ್ಲಿ, ಯಾವ ಮಿಶ್ರಣದಲ್ಲಿ ವಸ್ತು ಯಾವ ರೂಪದಲ್ಲಿರುತ್ತದೆ ಅಂತ ತೋರಿಸುವ ನಕ್ಷೆ) ಓದಲು ಕೊಡುತ್ತಾರೆ. ಸೆರಾಮಿಕ್ ಯಾಕೆ ಬಾಗದೆ ಒಡೆಯುತ್ತದೆ ಅಂತ ಕೇಳುತ್ತಾರೆ. "ಬಾಂಡ್ ಗಟ್ಟಿ" ಅಂತ ನಿಲ್ಲಿಸಿದರೆ ಸಾಲದು. ಲೋಹದಲ್ಲಿ ಡಿಸ್‌ಲೊಕೇಶನ್ (ಪರಮಾಣುಗಳ ಸಾಲಿನಲ್ಲಿರುವ ದೋಷ) ಸರಿದಾಡಿ ಬಿರುಕಿನ ತುದಿಯನ್ನು ಮೊಂಡು ಮಾಡುತ್ತದೆ, ಇಲ್ಲಿ ಅದು ಸರಿಯುವುದಿಲ್ಲ, ಹಾಗಾಗಿ ಇರುವ ಸಣ್ಣ ಬಿರುಕೇ ಬಲವನ್ನು ನಿರ್ಧರಿಸುತ್ತದೆ ಅನ್ನುವವರೆಗೆ ಹೋಗಬೇಕು. ಗ್ರಿಫಿತ್ 1921ರಲ್ಲಿ ಗಾಜಿನ ಮೇಲೆ ಮಾಡಿದ ಕೆಲಸದ ತಿರುಳು ಅದೇ.

ಜಿರ್ಕೋನಿಯಾ ಮಾತ್ರ ಯಾಕೆ ಅಷ್ಟು ಸುಲಭವಾಗಿ ಒಡೆಯುವುದಿಲ್ಲ ಅನ್ನುವುದು ಮುಂದಿನ ಪ್ರಶ್ನೆ. ಬಿರುಕು ಹತ್ತಿರ ಬಂದಾಗ ಅದರ ಕಣಗಳು ಟೆಟ್ರಾಗೋನಲ್ ರೂಪದಿಂದ ಮೊನೊಕ್ಲಿನಿಕ್ ರೂಪಕ್ಕೆ ಬದಲಾಗಿ ಶೇ. 3ರಿಂದ 5ರಷ್ಟು ಹಿಗ್ಗುತ್ತವೆ, ಬಿರುಕನ್ನು ಒತ್ತಿ ಹಿಡಿಯುತ್ತವೆ. ಹಲ್ಲಿನ ಡಾಕ್ಟರು ಹಾಕುವ ಜಿರ್ಕೋನಿಯಾ ಕ್ಯಾಪ್ ಇದರ ಮೇಲೆಯೇ ನಿಂತಿದೆ.

ಮುಂಬೈಯವರು ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಮರೀನ್ ಡ್ರೈವ್‌ನಲ್ಲಿ 2015ರಲ್ಲಿ ಎಲ್‌ಇಡಿ ಹಾಕಿದಾಗ ಹಳದಿ ಬೆಳಕು ಹೋಯಿತು ಅಂತ ಗಲಾಟೆ ಆಯಿತಲ್ಲ, ಆ ಹಳದಿ ಸೋಡಿಯಂ ದೀಪದೊಳಗಿನ ಕೊಳವೆ ಅಲ್ಯುಮಿನಾದ್ದು. ಬಿಸಿ ಸೋಡಿಯಂ ಆವಿ ಮಾಮೂಲಿ ಗಾಜನ್ನೂ ಕ್ವಾರ್ಟ್ಜನ್ನೂ ತಿಂದುಹಾಕುತ್ತದೆ. ಅಲ್ಯುಮಿನಾ ತಡೆಯುತ್ತದೆ. ಆದರೆ ಒಳಗೆ ಸಣ್ಣ ರಂಧ್ರ ಉಳಿದರೆ ಬೆಳಕು ಚದುರಿ ಬಿಳಿಯಾಗಿ ಕಾಣುತ್ತದೆ, ಹೊರಗೆ ಬರುವುದಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ರಾಬರ್ಟ್ ಕೋಬಲ್ ಒಂದು ಚಿಟಿಕೆ ಮೆಗ್ನೀಷಿಯಾ ಸೇರಿಸಿದರೆ ರಂಧ್ರಗಳೆಲ್ಲ ಹೊರಬೀಳುತ್ತವೆ ಅಂತ ತೋರಿಸಿದರು. ಆ ಚಿಟಿಕೆ ಏನು ಮಾಡುತ್ತದೆ ಅನ್ನುವುದರ ಮೇಲೆ ಆಮೇಲೆ ದಶಕಗಟ್ಟಲೆ ಪೇಪರ್ ಬಂದಿವೆ. ಇದನ್ನು ಗ್ರೇನ್ ಬೌಂಡರಿ (ಒಳಗಿನ ಹರಳುಗಳ ನಡುವಿನ ಗಡಿ) ಭಾಷೆಯಲ್ಲಿ ಹೇಳಲು ಬಂದರೆ ಇಂಟರ್‌ವ್ಯೂನ ಹೊಳೆ ದಾಟಿದಿರಿ ಅಂತಲೇ ಲೆಕ್ಕ. ಲೋಕಲ್ ಟ್ರೈನಿನ 25,000 ವೋಲ್ಟ್ ತಂತಿ ಹಿಡಿದಿರುವ ಪಿಂಗಾಣಿ ಇನ್ಸುಲೇಟರ್ ಕೂಡ ಒಳ್ಳೆಯ ಉದಾಹರಣೆ. ಮೈ ಗ್ಲೇಜ್ ಯಾಕೆ, ಆ ಛತ್ರಿಯಂಥ ಮಡಿಕೆಗಳು ಯಾಕೆ, ಉಪ್ಪು ಗಾಳಿ ಏನು ಮಾಡುತ್ತದೆ. ಮುಂಬೈಯಲ್ಲಿ ದಿನಾ ತಲೆ ಎತ್ತಿದರೆ ಕಾಣುತ್ತದೆ, ಯೋಚಿಸಿ ಹೋಗಿ.

ಭಾಷೆಯ ಭಯ ಬೇಡ. ಇಂಗ್ಲಿಷ್ ತಡವರಿಸಿದರೂ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರೆ ನಡೆಯುತ್ತದೆ.

ಹಂತ 6: ದುಡ್ಡು, ಕಾಗದಪತ್ರ

ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ ಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ, ಹಾಸ್ಟೆಲ್‌ನಲ್ಲಿದ್ದರೆ ಅದು ಇಲ್ಲ. ಐಐಟಿಯ ಟೀಚಿಂಗ್ ಅಸಿಸ್ಟೆಂಟ್‌ಶಿಪ್ ಕೂಡ ಇದೇ ಮಟ್ಟದ್ದು. ಪ್ರಧಾನ ಮಂತ್ರಿ ರಿಸರ್ಚ್ ಫೆಲೋಶಿಪ್ ಸಿಕ್ಕರೆ ಮೊದಲೆರಡು ವರ್ಷ 70,000. ಅದರ ನಿಯಮ ಆಗಾಗ ಬದಲಾಗುತ್ತದೆ, ಆ ವರ್ಷದ್ದನ್ನೇ ಓದಿ. ಪ್ರಾಜೆಕ್ಟ್ ದುಡ್ಡಿನಲ್ಲಿ ಸೇರುವುದಾದರೆ ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೆ, ಆಮೇಲೆ ಯಾರು ಕೊಡುತ್ತಾರೆ ಅಂತ ಮುಜುಗರವಿಲ್ಲದೆ ಕೇಳಿ. ಒಳ್ಳೆಯ ಗೈಡ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ನಮ್ಮ ಜನ ಮುಗ್ಗರಿಸುವ ಜಾಗ. ಕರ್ನಾಟಕದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ರಾಜ್ಯ ಮೀಸಲಾತಿಗೆ ನಡೆಯುವುದಿಲ್ಲ. ಐಐಟಿ, ಐಸರ್ ಥರದ ಕೇಂದ್ರ ಸಂಸ್ಥೆಗಳಿಗೆ ಕೇಂದ್ರದ ನಮೂನೆಯಲ್ಲಿ ತೆಗೆಸಿದ್ದು ನಡೆಯುತ್ತದೆ. ಒಬಿಸಿಯವರ ಜಾತಿ ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಮೂಲ ರಾಜ್ಯದ ಹೆಸರಿನಡಿ ಇರಬೇಕು, ನಾನ್ ಕ್ರೀಮಿ ಲೇಯರ್ ಪತ್ರ ಹೊಸದಿರಬೇಕು. ಎರಡು ತಲೆಮಾರು ಡೊಂಬಿವಿಲಿಯಲ್ಲೇ ಕಳೆದ ಮನೆಗಳಲ್ಲೂ ಈ ಪತ್ರಕ್ಕೆ ಊರಿನ ತಹಶೀಲ್ದಾರ್ ಕಚೇರಿಗೆ ಓಡುವುದು ತಪ್ಪುವುದಿಲ್ಲ. ಅರ್ಜಿ ಬಿಟ್ಟ ಮೇಲೆ ಹೊರಟರೆ ತಡವಾಯಿತು. ಬಾರ್ಟಿ, ಸಾರಥಿ, ಮಹಾಜ್ಯೋತಿ ಅಂತ ಮಹಾರಾಷ್ಟ್ರ ಸರ್ಕಾರದ ಫೆಲೋಶಿಪ್‌ಗಳಿವೆ. ಅವು ಆ ರಾಜ್ಯದ ನಿವಾಸಿಗಳಿಗೆ, ಆಯಾ ವರ್ಗದವರಿಗೆ.

ಕೆಲಸದಲ್ಲಿ ಇದ್ದುಕೊಂಡೇ ಮಾಡುವವರಿಗೂ ದಾರಿ ಇದೆ. ಯುಜಿಸಿ ಪಾರ್ಟ್ ಟೈಮ್ ಪಿಎಚ್‌.ಡಿ.ಗೆ ಒಪ್ಪುತ್ತದೆ. ಕಂಪನಿಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ಚಾಕಣ್‌ನಲ್ಲೋ ಠಾಣೆ ಬೇಲಾಪುರ ಪಟ್ಟಿಯಲ್ಲೋ ಕೆಲಸ ಮಾಡುತ್ತಾ ರಾತ್ರಿ ಲ್ಯಾಬಿಗೆ ಬರುತ್ತೇನೆ ಅನ್ನುವವರಿಗೆ ನನ್ನ ಸಲಹೆ: ಕಂಪನಿಯ ಯಂತ್ರ ಬಳಸಲು ಅನುಮತಿ ಸಿಕ್ಕರೆ ಮಾತ್ರ ಮುಂದುವರಿಯಿರಿ.

ಹಂತ 7: ಸೇರಿದ ಮೇಲೆ

ಮೊದಲ ವರ್ಷ ಕೋರ್ಸ್‌ವರ್ಕ್. ಯುಜಿಸಿ ಲೆಕ್ಕದಲ್ಲಿ ಕನಿಷ್ಠ 12 ಕ್ರೆಡಿಟ್. ಥರ್ಮೋಡೈನಾಮಿಕ್ಸ್, ಕೈನೆಟಿಕ್ಸ್, ಎಕ್ಸ್‌ರೇ ಡಿಫ್ರ್ಯಾಕ್ಷನ್ ಈ ಮೂರನ್ನು ಬಿಡಬೇಡಿ. ಉಳಿದವು ಹೇಗೋ ಆಗುತ್ತವೆ.

ಲ್ಯಾಬಿನಲ್ಲಿ ಮೊದಲ ಕೆಲಸ ಒಂದೇ: ಯಾರೋ ಈಗಾಗಲೇ ಮಾಡಿದ್ದನ್ನು ನೀವೂ ಮಾಡಿ ತೋರಿಸುವುದು. ಒಂದು ಅಲ್ಯುಮಿನಾ ಪೆಲೆಟ್ ಒತ್ತಿ, ಸುಟ್ಟು, ಆರ್ಕಿಮಿಡೀಸ್ ವಿಧಾನದಲ್ಲಿ ಸಾಂದ್ರತೆ ಅಳೆಯಿರಿ. ಹಸಿ ಪೆಲೆಟ್ ಶೇ. 58ರಷ್ಟು ತುಂಬಿದ್ದರೆ (ಉಳಿದದ್ದು ಖಾಲಿ ಜಾಗ) ಸುಟ್ಟ ಮೇಲೆ ಅಡ್ಡಳತೆ ಶೇ. 16ರಷ್ಟು ಕುಗ್ಗಬೇಕು. ಕುಗ್ಗದಿದ್ದರೆ ಎಲ್ಲೋ ತಪ್ಪಿದೆ. ಬೈಂಡರ್ ಇರುವ ಪೆಲೆಟ್ಟನ್ನು 500-600 ಡಿಗ್ರಿಯವರೆಗೆ ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸಿ. ಅವಸರ ಮಾಡಿದರೆ ಒಳಗಿನ ಅನಿಲಕ್ಕೆ ದಾರಿ ಸಿಗದೆ ಬಿಸಿ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಉಬ್ಬಿ ಕೂರುತ್ತದೆ. ಬಾಲ್ ಮಿಲ್‌ನ ಜಿರ್ಕೋನಿಯಾ ಗುಂಡುಗಳನ್ನು ಅರೆಯುವ ಮೊದಲೂ ಆಮೇಲೂ ತೂಕ ಮಾಡಿ. ಕಡಿಮೆಯಾದ ತೂಕ ನಿಮ್ಮ ಪೌಡರಿನೊಳಗೆ ಹೋಗಿದೆ. ಬಲ ಪರೀಕ್ಷೆಗೆ ಮೂರು ತುಂಡು ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಡೆಯುವ ಬಲ ತುಂಡಿನಿಂದ ತುಂಡಿಗೆ ಎಷ್ಟು ಬದಲಾಗುತ್ತದೆ ಅಂತ ಹೇಳುವ ವೈಬುಲ್ ಲೆಕ್ಕಕ್ಕೆ 30ರ ಆಸುಪಾಸು ಬೇಕು. 30 ಬೇಕು ಅಂದರೆ 40 ಮಾಡಬೇಕು, ಉಜ್ಜುವಾಗಲೇ ಕೆಲವು ಹೋಗುತ್ತವೆ.

ಕರಾವಳಿಯ ಲ್ಯಾಬುಗಳಲ್ಲಿ ಒಂದು ತೊಂದರೆ ಇದೆ. ಒಣ ಊರಿನಲ್ಲಿ ಓದಿ ಬಂದವರಿಗೆ ಅದು ಗೊತ್ತಿರುವುದಿಲ್ಲ: ಜೂನ್‌ನಿಂದ ಸೆಪ್ಟೆಂಬರ್. ಮಳೆಗಾಲದಲ್ಲಿ ಮುಂಬೈ, ಗೋವಾದ ಗಾಳಿಯಲ್ಲಿ ಪೌಡರ್ ಡಬ್ಬ ತೆರೆದರೆ ಅದು ನೀರು ಕುಡಿಯುತ್ತದೆ. ಸೀಸವಿಲ್ಲದ ಪೀಜೋ ಸೆರಾಮಿಕ್ಸ್‌ಗೆ ಪೊಟ್ಯಾಸಿಯಂ ಕಾರ್ಬೊನೇಟ್ ತೂಗುತ್ತೀರಿ ಅಂದುಕೊಳ್ಳಿ. ತಕ್ಕಡಿಯ ಮೇಲಿರುವಾಗಲೇ ಅಂಕಿ ಏರುತ್ತಾ ಹೋಗುತ್ತದೆ. ನೀವು ತೂಗಿದ್ದರಲ್ಲಿ ಒಂದು ಪಾಲು ನೀರು, ಪೊಟ್ಯಾಸಿಯಂ ಕಡಿಮೆ. ಆರು ತಿಂಗಳು ಕಳೆದು ಗುಣ ಯಾಕೆ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವಾಗ ಈ ತೂಕ ಯಾರಿಗೂ ನೆನಪಿರುವುದಿಲ್ಲ. ತೂಗುವ ಮೊದಲು 200 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ಡೆಸಿಕೇಟರ್‌ನಲ್ಲಿ ತಣ್ಣಗೆ ಮಾಡಿ, ಬೇಗ ತೂಗಿ ಮುಗಿಸಿ. ಲ್ಯಾಂಥನಂ ಆಕ್ಸೈಡ್ ಇನ್ನೂ ಮೋಸಗಾರ. ನೋಡಲು ಅದೇ ಬಿಳಿ ಪುಡಿ, ಒಳಗೆ ಹೈಡ್ರಾಕ್ಸೈಡ್ ಆಗಿರುತ್ತದೆ. ಅದನ್ನು 900-1000 ಡಿಗ್ರಿಗೆ ಸುಟ್ಟೇ ತೂಗಬೇಕು. ಅಲ್ಯುಮಿನಿಯಂ ನೈಟ್ರೈಡ್ ಡಬ್ಬ ತೆರೆದಾಗ ಅಮೋನಿಯಾ ವಾಸನೆ ಬಂದರೆ ತೇವ ಆಗಲೇ ಅದನ್ನು ತಿನ್ನಲು ಶುರು ಮಾಡಿದೆ. ಪ್ರತಿ ತೂಕದ ಪಕ್ಕದಲ್ಲಿ ತಾರೀಕು, ಕೋಣೆಯ ತೇವಾಂಶ ಬರೆದಿಡಿ. ಐವತ್ತು ರೂಪಾಯಿಯ ನೋಟ್‌ಬುಕ್ ಸಾಕು.

ಸೀಸ ಇರುವ ಪೀಜೋ ಸೆರಾಮಿಕ್ ಪಿಜೆಟ್‌ಟಿ ಸುಡುವವರು 1200 ಡಿಗ್ರಿಯಲ್ಲಿ ಸೀಸ ಆವಿಯಾಗುವುದನ್ನು ಮರೆಯಬೇಡಿ. ಮುಚ್ಚಿದ ಕ್ರೂಸಿಬಲ್, ಸುತ್ತ ಸೀಸದ ಪೌಡರಿನ ಹಾಸು, ಮೇಲೆ ಹೊಗೆ ಎಳೆಯುವ ಫ್ಯಾನ್. ಫ್ಯಾನ್ ಕೆಟ್ಟಿದ್ದರೆ ಆ ದಿನ ಸುಡಬೇಡಿ, ಸೀನಿಯರ್ ಏನೇ ಹೇಳಲಿ.

ನಿಮ್ಮ ಲ್ಯಾಬಿನಲ್ಲಿ ಇಲ್ಲದ ಯಂತ್ರಕ್ಕೆ ಐ-ಸ್ಟೆಮ್ ಪೋರ್ಟಲ್ ನೋಡಿ. ಸರ್ಕಾರಿ ದುಡ್ಡಿನ ಯಂತ್ರಗಳ ಪಟ್ಟಿ ಅಲ್ಲಿದೆ, ಹೊರಗಿನವರೂ ಬುಕ್ ಮಾಡಬಹುದು. ಐಐಟಿ ಬಾಂಬೆಯ ಸೈಫ್ ಕೇಂದ್ರ ಕೂಡ ಹೊರಗಿನವರ ಸ್ಯಾಂಪಲ್‌ಗಳನ್ನು ಶುಲ್ಕಕ್ಕೆ ನೋಡಿಕೊಡುತ್ತದೆ. ಸರದಿ ಉದ್ದ ಇರುತ್ತದೆ. ಸ್ಯಾಂಪಲ್ ತಯಾರಾದ ಮೇಲೆ ಬುಕ್ ಮಾಡುವ ಬದಲು ಮೊದಲೇ ಮಾಡಿಡಿ.

ಹಂತ 8: ಮುಗಿಸುವುದು

ಯುಜಿಸಿ ನಿಯಮದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಹೆಣ್ಣುಮಕ್ಕಳಿಗೆ ಮತ್ತು ಶೇ. 40ಕ್ಕಿಂತ ಜಾಸ್ತಿ ಅಂಗವಿಕಲತೆ ಇರುವವರಿಗೆ ಇನ್ನೆರಡು ವರ್ಷ ಸಿಗುತ್ತದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಇದೆ. ಇದು ಹಕ್ಕು, ಕೇಳಿ ಪಡೆಯಿರಿ. ಪೇಪರ್ ಪ್ರಕಟಿಸಲೇಬೇಕು ಅನ್ನುವ ಷರತ್ತನ್ನು ಯುಜಿಸಿ 2022ರಲ್ಲಿ ಬಿಟ್ಟಿತು, ಆದರೆ ಸಂಸ್ಥೆಗಳು ತಮ್ಮದೇ ಷರತ್ತು ಇಡಬಹುದು. ಕೆಲಸ ಹುಡುಕುವಾಗ ಪೇಪರ್ ಇಲ್ಲದೆ ಕಷ್ಟವೇ.

ಯುಜಿಸಿ ನಿಯಮದಲ್ಲಿ ಸೆಮಿಸ್ಟರಿಗೊಮ್ಮೆ ಸಮಿತಿಯ ಮುಂದೆ ಪ್ರಗತಿ ಹೇಳಬೇಕಾಗುತ್ತದೆ. ಅದಕ್ಕೆ ಮಾಡುವ ಸ್ಲೈಡ್‌ಗಳನ್ನೇ ಅಧ್ಯಾಯದ ರೂಪದಲ್ಲಿ ಬರೆದಿಟ್ಟರೆ ಕೊನೆಯ ವರ್ಷ ಹಗುರ. ಯಾವ ಪೆಲೆಟ್ ಯಾವ ದಿನದ್ದು ಅಂತ ಚೀಟಿ ಹಚ್ಚಿದ ಡಬ್ಬಗಳನ್ನು ವೈವಾ (ಮೌಖಿಕ ಪರೀಕ್ಷೆ) ಆಗುವ ತನಕ ಎಸೆಯಬೇಡಿ. ಪರೀಕ್ಷಕರು ಒಂದು ಅಳತೆ ಮತ್ತೆ ಮಾಡಿ ಅಂದರೆ ಅದೇ ಪೆಲೆಟ್ ಬೇಕು.

ಮುಂದೆ ಹೋಗುವ ದಾರಿಗಳಲ್ಲಿ ಇಸ್ರೋ, ಡಿಆರ್‌ಡಿಒ, ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್, ರಿಫ್ರ್ಯಾಕ್ಟರಿ ಮತ್ತು ಇನ್ಸುಲೇಟರ್ ಕಂಪನಿಗಳು, ಹೊರದೇಶದ ಪೋಸ್ಟ್‌ಡಾಕ್ ಎಲ್ಲ ಇವೆ. ಒಂದು ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ. ಥೀಸಿಸ್ ಒಪ್ಪಿಸಿದ ಮೇಲೆ ಫೆಲೋಶಿಪ್ ಸಾಮಾನ್ಯವಾಗಿ ನಿಲ್ಲುತ್ತದೆ. ಪರೀಕ್ಷಕರ ವರದಿ ಬಂದು ವೈವಾ ಆಗುವ ಹೊತ್ತಿಗೆ ತಿಂಗಳುಗಳು ಕಳೆಯುತ್ತವೆ, ಹಾಸ್ಟೆಲ್ ಬಿಡಿ ಅಂತಲೂ ಹೇಳುತ್ತಾರೆ. ಆ ತಿಂಗಳುಗಳ ಬಾಡಿಗೆಗೆ ಬೇಕಾದ ದುಡ್ಡನ್ನು ನಾಲ್ಕನೇ ವರ್ಷದಿಂದಲೇ ಎತ್ತಿಡಿ. ಕೆಲಸದ ಅರ್ಜಿಗಳನ್ನು ಥೀಸಿಸ್ ಕೊಡುವ ಮೊದಲೇ ಹಾಕಿ. ಸಾಕಷ್ಟು ಕಡೆ "ಥೀಸಿಸ್ ಒಪ್ಪಿಸಿದ್ದಾರೆ" ಅನ್ನುವ ಪತ್ರವನ್ನೂ ಒಪ್ಪಿಕೊಳ್ಳುತ್ತಾರೆ. ಆ ಪತ್ರವನ್ನು ಒಪ್ಪಿಸಿದ ದಿನವೇ ಅಕಾಡೆಮಿಕ್ ಸೆಕ್ಷನ್‌ನಲ್ಲಿ ಕೇಳಿ ತೆಗೆದುಕೊಳ್ಳಿ.